ಎಲ್ಲರದೂ ಒಂದೊಂದೇ ಕ್ಯಾರೆಟ್

ದಸರಾ ರಜೆಯ ಒಂದು ಸಂಜೆ. ಮೈಸೂರು ಅರಮನೆಯ ಹೊರಗೆ ಟಾಂಗಾ ನಿಂತಿದೆ. ಸವಾರಿ ಮುಗಿಸಿ ಇಳಿದ ಎಂಟು ವರ್ಷದ ಹುಡುಗಿ ಅಮ್ಮನ ಚೀಲಕ್ಕೆ ಕೈಹಾಕಿ ಒಂದು ಕ್ಯಾರೆಟ್ ತೆಗೆಯುತ್ತಾಳೆ. ಬೆಳಿಗ್ಗೆ ಮನೆಯಿಂದ ಹೊರಡುವಾಗಲೇ 'ಇದು ಕುದುರೆಗೆ' ಎಂದು ಎತ್ತಿಟ್ಟುಕೊಂಡದ್ದು ಅದು.

"ತಾತ, ಕೊಡಲಾ?"

ಟಾಂಗಾದ ಮುದುಕ ನಗುತ್ತಾನೆ. "ಕೊಡು ಪುಟ್ಟಿ. ಆದರೆ ಅರ್ಧ ಸಾಕು. ಬೆಳಗಿನಿಂದ ಎಷ್ಟು ಮಕ್ಕಳು ಕೊಟ್ಟಿದ್ದಾರೆ ಗೊತ್ತಾ?"

ಹುಡುಗಿಯ ಮುಖ ಬಾಡುತ್ತದೆ. ಅಮ್ಮನಿಗೂ ಕೊಂಚ ಬೇಸರ. ಮಗು ಆಸೆಯಿಂದ ತಂದದ್ದೇ ಒಂದು ಕ್ಯಾರೆಟ್. ಅದರಲ್ಲೂ ಅರ್ಧ ಎಂದರೆ ಹೇಗೆ? ಅಷ್ಟು ದೊಡ್ಡ ಪ್ರಾಣಿಗೆ ಒಂದು ಕ್ಯಾರೆಟ್ ಯಾವ ಮೂಲೆಗೆ?

ಇಂಥ ಸನ್ನಿವೇಶದಲ್ಲಿ ಮುದುಕನದೇ ಸರಿ. ಕುದುರೆಗೆ ತಿನಿಸು ಕೊಡುವ ಪ್ರತಿಯೊಬ್ಬರಿಗೂ ಕಾಣುವುದು ತಮ್ಮ ಕೈಯಲ್ಲಿರುವ ಒಂದು ತುಂಡು ಮಾತ್ರ. ಅಂದು ಆ ಕುದುರೆಯ ಹೊಟ್ಟೆಗೆ ಒಟ್ಟು ಎಷ್ಟು ಹೋಗಿದೆ ಎಂಬ ಲೆಕ್ಕ ಇರುವುದು ಅದನ್ನು ಸಾಕುವ ಒಬ್ಬನ ಬಳಿ. ಆ ಲೆಕ್ಕ ತಪ್ಪಿದರೆ ಕುದುರೆಗೆ ಪ್ರಾಣಕ್ಕೇ ಬರಬಹುದು. ಅದನ್ನೇ ನಂಬಿದ ಸಂಸಾರಕ್ಕೆ ಅನ್ನದ ದಾರಿ ಮುಚ್ಚಬಹುದು.

ಮೂವತ್ತು ಮಕ್ಕಳ ಲೆಕ್ಕ

'ಹನಿ ಹನಿ ಕೂಡಿದರೆ ಹಳ್ಳ' ಎಂಬ ಗಾದೆಯನ್ನು ಇಲ್ಲಿ ಗಣಿತವಾಗಿ ಮಾಡಿ ನೋಡಬಹುದು. ಪೆನ್ಸಿಲ್, ಕಾಗದ ಇದ್ದರೆ ಮಕ್ಕಳೇ ಮಾಡಬಹುದಾದ ಲೆಕ್ಕ ಇದು.

ಊಟಿಯ ಕೆರೆಯ ಬಳಿ ಪ್ರವಾಸಿ ಮಕ್ಕಳನ್ನು ಕೂರಿಸಿಕೊಂಡು ನಡೆಯುವ ಒಂದು ತಟ್ಟುಕುದುರೆಯನ್ನು, ಅಂದರೆ ಪೋನಿಯನ್ನು, ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ತೂಕ 200 ಕಿಲೋ ಎಂದಿಟ್ಟುಕೊಳ್ಳಬಹುದು. ಒಂದು ದಿನದಲ್ಲಿ ಮೂವತ್ತು ಮಕ್ಕಳು ಬಂದು ತಲಾ 80 ಗ್ರಾಂ ತೂಗುವ ಒಂದೊಂದು ಕ್ಯಾರೆಟ್ ಕೊಟ್ಟರೆ ಒಟ್ಟು 2 ಕಿಲೋ 400 ಗ್ರಾಂ. ಕ್ಯಾರೆಟ್‌ನಲ್ಲಿ ಹೆಚ್ಚಿನ ಪಾಲು ನೀರು. ನೂರು ಗ್ರಾಮಿನಲ್ಲಿ ಸಕ್ಕರೆ ಸುಮಾರು 5 ಗ್ರಾಂ. ಹಾಗಾಗಿ ಒಟ್ಟು ಸಕ್ಕರೆ 120 ಗ್ರಾಂ. ಕ್ಯಾರೆಟ್ ಬದಲು 150 ಗ್ರಾಮಿನ ಸೇಬು ಕೊಟ್ಟರೆ ಒಟ್ಟು ನಾಲ್ಕೂವರೆ ಕಿಲೋ. ಸೇಬಿನಲ್ಲಿ ನೂರಕ್ಕೆ ಸುಮಾರು 10 ಗ್ರಾಂ ಸಕ್ಕರೆ ಇರುವುದರಿಂದ ಇದು 450 ಗ್ರಾಮಿಗೆ ಏರುತ್ತದೆ. ಇನ್ನು ತಲಾ 20 ಗ್ರಾಮಿನ ಒಂದು ಪುಟ್ಟ ಬೆಲ್ಲದ ಉಂಡೆ ಎಂದರೆ ಒಟ್ಟು 600 ಗ್ರಾಂ ಬೆಲ್ಲ. ಬೆಲ್ಲದ ಬಹುಪಾಲು ಸಕ್ಕರೆಯೇ. ಅರ್ಧ ಕಿಲೋ ದಾಟಿತು!

ಅದೇ ಪೋನಿಗೆ ದಿನವೊಂದಕ್ಕೆ ಬೇಕಾದ ಒಣ ಮೇವು ಮೂರರಿಂದ ನಾಲ್ಕು ಕಿಲೋ. ದೇಹದ ತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು ಒಣ ಮೇವು ಬೇಕೆಂಬುದು ಕುದುರೆ ಸಾಕುವವರ ಸಾಮಾನ್ಯ ಲೆಕ್ಕ. ಮೇವಿನ ಜಾಗವನ್ನು ಸಿಹಿಯೇ ಆಕ್ರಮಿಸಿದರೆ ಏನಾಗಬಹುದೆಂದು ತಿಳಿಯಲು ಕುದುರೆಯ ಹೊಟ್ಟೆಯೊಳಗೆ ಇಣುಕಬೇಕು.

ದೊಡ್ಡ ಮೈ, ಚಿಕ್ಕ ಜಠರ

ಆಕಾರ ನೋಡಿ ಹೊಟ್ಟೆಯನ್ನು ಅಳೆಯುವುದು ತಪ್ಪು. 450-500 ಕಿಲೋ ತೂಗುವ ಕುದುರೆಯ ಜಠರ ಹಿಡಿಯುವುದು 8ರಿಂದ 15 ಲೀಟರ್ ಮಾತ್ರ. ಹಸುವಿನ ಮೊದಲ ಹೊಟ್ಟೆಯೊಂದೇ ನೂರು ಲೀಟರ್ ಮೀರುತ್ತದೆ. ಹಸು ಗಬಗಬನೆ ತಿಂದು, ಆಮೇಲೆ ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತದೆ. ಕುದುರೆಗೆ ಮೆಲುಕು ಹಾಕುವ ವಿದ್ಯೆ ಗೊತ್ತಿಲ್ಲ. ಅದು ಹುಲ್ಲುಗಾವಲಿನಲ್ಲಿ ನಡೆಯುತ್ತಾ ದಿನದ ಹೆಚ್ಚಿನ ಹೊತ್ತು ಸ್ವಲ್ಪ ಸ್ವಲ್ಪವೇ ಮೇಯುವ ಪ್ರಾಣಿ. ಅಗಿಯುವಾಗ ಮಾತ್ರ ಅದಕ್ಕೆ ಜೊಲ್ಲು ಸುರಿಯುತ್ತದೆ. ಜಠರದ ಆಮ್ಲವಾದರೋ ಸದಾ ಒಸರುತ್ತಲೇ ಇರುತ್ತದೆ. ಆದ್ದರಿಂದ ಅದಕ್ಕೆ ಬೇಕಾದದ್ದು ನಿಧಾನವಾಗಿ ಅಗಿಯುವ ನಾರಿನ ಮೇವು.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿರುವುದಿಲ್ಲ. ಕುದುರೆ ವಾಂತಿ ಮಾಡಲಾರದು. ಅನ್ನನಾಳ ಜಠರವನ್ನು ಸೇರುವ ಕಡೆ ಇರುವ ಸ್ನಾಯುವಿನ ಬಾಗಿಲು ಅಷ್ಟು ಬಿಗಿ. ನಾಯಿಯೋ ಮಗುವೋ ತಿನ್ನಬಾರದ್ದನ್ನು ತಿಂದರೆ ಕಕ್ಕಿ ಹಗುರಾಗಬಹುದು. ಕುದುರೆಗೆ ಆ ದಾರಿ ಇಲ್ಲ. ಒಳಗೆ ಹೋದದ್ದು ಕರುಳಿನುದ್ದಕ್ಕೂ ಸಾಗಿಯೇ ಹೊರಬರಬೇಕು.

ಕುದುರೆಯ ದೊಡ್ಡ ಕರುಳಿನ ಭಾಗದಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ವಾಸವಾಗಿವೆ. ಹುಲ್ಲಿನ ನಾರನ್ನು ಕೊಳೆಸಿ ಕುದುರೆಗೆ ಶಕ್ತಿ ಒದಗಿಸುವವು ಅವೇ. ಸಣ್ಣ ಕರುಳಿನಲ್ಲಿ ಜೀರ್ಣವಾಗದಷ್ಟು ಪಿಷ್ಟವೋ ಸಕ್ಕರೆಯೋ ಒಮ್ಮೆಗೇ ಅಲ್ಲಿಗೆ ನುಗ್ಗಿದರೆ ಸೂಕ್ಷ್ಮಜೀವಿಗಳ ಸಮತೋಲ ಕೆಡುತ್ತದೆ, ಆಮ್ಲ ಹೆಚ್ಚುತ್ತದೆ, ಗಾಳಿ ತುಂಬುತ್ತದೆ. ಆಗ ಬರುವುದೇ ಹೊಟ್ಟೆಶೂಲೆ. ಕುದುರೆ ಮುಂಗಾಲಿನಿಂದ ನೆಲ ಕೆರೆಯುತ್ತದೆ, ತಿರುತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತದೆ, ಬೆವರುತ್ತದೆ, ನೆಲಕ್ಕೆ ಬಿದ್ದು ಹೊರಳುತ್ತದೆ. ಮನುಷ್ಯರಂತೆ ಒಂದು ಲೋಟ ಜೀರಿಗೆ ಕಷಾಯದಿಂದ ಹೋಗುವ ಹೊಟ್ಟೆನೋವಲ್ಲ ಇದು. ತಡಮಾಡದೆ ಪಶುವೈದ್ಯರನ್ನು ಕರೆಯಬೇಕಾದ ತುರ್ತು.

ನೋವು ಗೊರಸಿಗೆ

'ಕುದುರೆ ಕಂಡರೆ ಕಾಲು ನೋವು' ಎನ್ನುತ್ತಾರೆ. ಗಾದೆಯಲ್ಲಿ ಕಾಲು ನೋವು ಮನುಷ್ಯನದು. ಅತಿಯಾದ ಸಿಹಿ ತಿಂದರೆ ನಿಜವಾದ ಕಾಲು ನೋವು ಬರುವುದು ಕುದುರೆಗೇ.

ಗೊರಸಿನೊಳಗೆ ಕಾಲಿನ ಕೊನೆಯ ಮೂಳೆ ಇರುತ್ತದೆ. ಪುಸ್ತಕದ ಹಾಳೆಗಳಂತೆ ಒಂದರೊಳಗೊಂದು ಹೆಣೆದುಕೊಂಡ ತೆಳುವಾದ ಪದರಗಳು ಆ ಮೂಳೆಯನ್ನು ಗೊರಸಿನ ಗೋಡೆಗೆ ಹಿಡಿದಿಡುತ್ತವೆ. ಕುದುರೆಯ ಇಡೀ ಭಾರ ನಿಂತಿರುವುದು ಈ ಹಿಡಿತದ ಮೇಲೆ. ಕಾಳನ್ನೋ ಸಿಹಿಯನ್ನೋ ಮಿತಿಮೀರಿ ತಿಂದಾಗ, ಅಥವಾ ರಕ್ತದಲ್ಲಿ ಇನ್ಸುಲಿನ್ ಪ್ರಮಾಣ ಬಹಳ ಏರಿದಾಗ ಈ ಪದರಗಳು ಊದಿಕೊಂಡು ಹಿಡಿತ ಸಡಿಲಿಸುತ್ತವೆ. ಇದನ್ನು ಲ್ಯಾಮಿನೈಟಿಸ್ ಎನ್ನುತ್ತಾರೆ. ರೋಗ ಬಲಿತರೆ ಮೂಳೆ ಗೊರಸಿನೊಳಗೇ ತಿರುಗುತ್ತದೆ, ಕುಸಿಯುತ್ತದೆ. ಅಂಥ ಕುದುರೆ ಹೆಜ್ಜೆ ಇಡಲು ಹೆದರುತ್ತದೆ. ಎಷ್ಟೋ ಕುದುರೆಗಳು ಮತ್ತೆಂದೂ ದುಡಿಯಲಾರವು.

ಈ ಅಪಾಯ ಪೋನಿಗಳಿಗೆ ಹೆಚ್ಚು. ಪೋನಿ ಎಂದರೆ ಕುದುರೆಯ ಮರಿ ಎಂದು ಅನೇಕ ಮಕ್ಕಳು ತಿಳಿದಿರುತ್ತಾರೆ. ಹಾಗಲ್ಲ. ಪೂರ್ತಿ ಬೆಳೆದ ಮೇಲೂ ಭುಜದ ಬಳಿ ಸುಮಾರು 148 ಸೆಂಟಿಮೀಟರ್ ಎತ್ತರ ಮೀರದ ಕುದುರೆಯೇ ಪೋನಿ. ಬಡ ಹುಲ್ಲಿನ ಬೆಟ್ಟಗಾಡಿನಲ್ಲಿ ಬದುಕಿ ಬಂದ ಅನೇಕ ಪೋನಿ ತಳಿಗಳಿಗೆ ಸಿಕ್ಕಿದ್ದನ್ನೆಲ್ಲ ಕೊಬ್ಬಾಗಿ ಕೂಡಿಡುವ ಗುಣವಿದೆ. ಬರಗಾಲದಲ್ಲಿ ಅದು ವರ. ಸೇಬು, ಬಿಸ್ಕತ್ತುಗಳ ಸುಗ್ಗಿಯಲ್ಲಿ ಅದೇ ಶಾಪ. ಪುಟ್ಟದು, ಮುದ್ದಾದದ್ದು ಎಂದು ಮಕ್ಕಳು ಹೆಚ್ಚು ತಿನ್ನಿಸಲು ಹೋಗುವುದೂ ಪೋನಿಗೇ! ಮೈ ತುಂಬಿಕೊಂಡು ಕುತ್ತಿಗೆಯ ಮೇಲಂಚು ದಪ್ಪವಾಗಿ ಗಟ್ಟಿಯಾಗಿದ್ದರೆ ಅದು ಪುಷ್ಟಿಯ ಲಕ್ಷಣವಲ್ಲ, ಎಚ್ಚರಿಕೆಯ ಗಂಟೆ. ಅಂಥದಕ್ಕೂ, ಹಿಂದೆ ಗೊರಸಿನ ಬೇನೆ ಬಂದಿದ್ದಕ್ಕೂ, ಮುದಿ ಕುದುರೆಗೂ ಸಿಹಿ ಬೇಡವೆಂದು ಸಾಕಿದವರು ಹೇಳಿದರೆ ಅದು ಜಿಪುಣತನವಲ್ಲ.

ಯಾವುದು ಸರಿ, ಯಾವುದು ಬೇಡ

ಹಾಗಾದರೆ ಕುದುರೆಗೆ ಏನನ್ನೂ ಕೊಡಬಾರದೇ? ಕೊಡಬಹುದು. ಆರೋಗ್ಯವಾಗಿರುವ ಕುದುರೆಗೆ ದಿನಕ್ಕೆ ಎಲ್ಲರದೂ ಸೇರಿ ಒಂದೆರಡು ಕ್ಯಾರೆಟ್ ಅಥವಾ ಒಂದು ಸೇಬು ತೊಂದರೆ ಮಾಡದು. ಒಂದು ತುಂಡು ಬಾಳೆಹಣ್ಣೂ ಆದೀತು. ಕ್ಯಾರೆಟ್ಟನ್ನು ಪಲ್ಯಕ್ಕೆ ಹೆಚ್ಚುವಂತೆ ದುಂಡು ಬಿಲ್ಲೆ ಮಾಡಬಾರದು. ಬಿಲ್ಲೆಗಳು ಅಗಿಯದೆ ಜಾರಿ ಅನ್ನನಾಳದಲ್ಲಿ ಸಿಕ್ಕಿಕೊಳ್ಳುತ್ತವೆ. ಬೆರಳಿನಂತೆ ಉದ್ದುದ್ದಕ್ಕೆ ಸೀಳಬೇಕು. ಸೇಬನ್ನು ನಾಲ್ಕು ಹೋಳು ಮಾಡಿ ಬೀಜ ತೆಗೆಯಬೇಕು. ತಿನಿಸು ಗಂಟಲಲ್ಲಿ ಸಿಕ್ಕಿಕೊಂಡ ಕುದುರೆ ಕತ್ತು ಚಾಚಿ ಕೆಮ್ಮುತ್ತದೆ, ಮೂಗಿನಿಂದ ಜೊಲ್ಲು ಮತ್ತು ಮೇವಿನ ಚೂರು ಸುರಿಯುತ್ತವೆ. ಆಗ ನೀರನ್ನಾಗಲಿ ಮೇವನ್ನಾಗಲಿ ಒತ್ತಾಯದಿಂದ ಕೊಡದೆ ವೈದ್ಯರಿಗೆ ಹೇಳಿಕಳಿಸಬೇಕು.

ಕುದುರೆಗೆ ಕ್ಯಾರೆಟ್ಟೇ ಪರಮ ಇಷ್ಟ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಬ್ರಿಟನ್ನಿನ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಎಂಟು ಕುದುರೆಗಳ ಮುಂದೆ ಬೇರೆ ಬೇರೆ ವಾಸನೆ, ರುಚಿ ಬೆರೆಸಿದ ಆಹಾರ ಇಟ್ಟು ನೋಡಿದರು. ಮೊದಲ ಸ್ಥಾನ ಸಿಕ್ಕಿದ್ದು ಯಾವುದಕ್ಕೆ? ಮೆಂತ್ಯಕ್ಕೆ! ಎರಡನೆಯದು ಬಾಳೆಹಣ್ಣು. ಜೀರಿಗೆ ಕೂಡ ಕ್ಯಾರೆಟ್‌ಗಿಂತ ಮೇಲಿತ್ತು. ಎಂಟೇ ಕುದುರೆಗಳ ಫಲಿತಾಂಶವನ್ನು ಎಲ್ಲ ಕುದುರೆಗಳಿಗೂ ಅನ್ವಯಿಸಲಾಗದು. ಆದರೂ ಮನುಷ್ಯನ ನಾಲಿಗೆಯಿಂದ ಕುದುರೆಯ ರುಚಿಯನ್ನು ಊಹಿಸಬಾರದೆಂಬ ಪಾಠ ಇದರಲ್ಲಿದೆ. ಸಿಹಿಯೇ ಆಗಬೇಕೆಂದಿಲ್ಲ.

ಹುರುಳಿಯ ಮಾತೂ ಹೀಗೆಯೇ. ಇಂಗ್ಲಿಷಿನಲ್ಲಿ ಅದರ ಹೆಸರೇ 'ಹಾರ್ಸ್ ಗ್ರಾಮ್', ಕುದುರೆಯ ಕಾಳು. ಅದನ್ನು ಬೇಯಿಸಿ ಕೊಡುವುದು ಹಿಂದಿನಿಂದ ಬಂದ ರೂಢಿ. ಹಸಿ ಕಾಳಿನಲ್ಲಿ ಪ್ರೋಟೀನು ಜೀರ್ಣವಾಗದಂತೆ ತಡೆಯುವ ಅಂಶಗಳಿದ್ದು, ಬೇಯಿಸಿದಾಗ ಅವು ಕುಗ್ಗುತ್ತವೆ. ಆದರೆ ಹುರುಳಿ ಕುದುರೆಯ ಅಳತೆಯ ಊಟದ ಭಾಗ. ಎಷ್ಟು ಕೊಡಬೇಕೆಂದು ತಿಳಿದವನು ಸಾಕಿದವನು. ದಾರಿಹೋಕರು ಹಿಡಿ ಹಿಡಿ ಚೆಲ್ಲುವಂಥದ್ದಲ್ಲ.

ಖಂಡಿತ ಬೇಡದವುಗಳ ಪಟ್ಟಿಯನ್ನು ಮಕ್ಕಳು ಬಾಯಿಪಾಠ ಮಾಡಿಕೊಳ್ಳಬಹುದು. ಬ್ರೆಡ್ಡು, ಬನ್ನು ಬಾಯಲ್ಲಿ ಮುದ್ದೆಯಾಗಿ ಗಂಟಲಿಗೆ ಅಡ್ಡವಾಗುತ್ತವೆ. ಹಬ್ಬದಲ್ಲಿ ಉಳಿದ ಅನ್ನ, ಪಾಯಸ, ಹೋಳಿಗೆಗಳನ್ನು 'ಎಸೆಯುವ ಬದಲು ಪ್ರಾಣಿಗಾದರೂ ಆಗಲಿ' ಎಂದು ಸುರಿಯುವುದು ಪುಣ್ಯವಲ್ಲ. ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿ ಇಡುವುದಂತೂ ಎರಡು ಪಟ್ಟು ಪಾಪ. ಈರುಳ್ಳಿ ಕುದುರೆಯ ರಕ್ತದ ಕೆಂಪುಕಣಗಳನ್ನು ಒಡೆಯುತ್ತದೆ. ಬೆಣ್ಣೆಹಣ್ಣು ಮತ್ತು ಅದರ ಎಲೆ ವಿಷ. ಯಂತ್ರದಿಂದ ಕತ್ತರಿಸಿದ ಉದ್ಯಾನದ ಹುಲ್ಲಿನ ರಾಶಿ ಬೇಗ ಹುದುಗುತ್ತದೆ. ಅದು ಹುಲ್ಲೇ ಅಲ್ಲವೇ ಎಂದು ಕೊಡಬಾರದು. ಎಲ್ಲಕ್ಕಿಂತ ಭಯಂಕರವಾದದ್ದು ಕಣಗಿಲೆ. ಪೂಜೆಗೆ ಹೂವಾಗುವ, ರಸ್ತೆ ಮಧ್ಯೆ ಚೆಂದಕ್ಕೆ ಬೆಳೆಸುವ ಈ ಗಿಡದ ಎಲೆ, ಹೂ, ಕಾಂಡ ಎಲ್ಲವೂ ವಿಷ. ಒಂದು ಹಿಡಿ ಎಲೆ ಕುದುರೆಯ ಹೃದಯವನ್ನು ನಿಲ್ಲಿಸಬಲ್ಲದು. ಮದುವೆ, ಮೆರವಣಿಗೆಗಳಲ್ಲಿ ಕುದುರೆಗೆ ಹಾರ ಹಾಕುವವರು ಅದರಲ್ಲಿ ಕಣಗಿಲೆ ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು.

ರೇಸಿನ ಕುದುರೆಗಳದು ಇನ್ನೊಂದು ಬಗೆಯ ಫಜೀತಿ. ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್ ಮತ್ತು ಕೆಫೀನ್ ಎರಡೂ ಪಂದ್ಯದ ಕುದುರೆಗಳಿಗೆ ನಿಷಿದ್ಧ. ಗಸಗಸೆ ಉದುರಿಸಿದ ತಿಂಡಿಯಿಂದ ಮಾರ್ಫಿನ್ ಅಂಶ ಮೂತ್ರದಲ್ಲಿ ಕಾಣಿಸಿಕೊಳ್ಳಬಹುದು. ಯಾರೋ ಮುದ್ದಿನಿಂದ ಕೊಟ್ಟ ಒಂದು ತುಣುಕು ತಿಂಗಳುಗಟ್ಟಲೆ ಪಟ್ಟ ಶ್ರಮವನ್ನು ನೀರುಪಾಲು ಮಾಡಬಲ್ಲದು.

ಕೊಡುವ ಕೈ ಹೇಗಿರಬೇಕು

ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ಸುತ್ತಲಿನ ಬಹುಭಾಗ ಅದಕ್ಕೆ ಕಾಣುತ್ತದೆ. ಕಾಣದಿರುವುದು ಬೆನ್ನ ಹಿಂದಿನ ಜಾಗ, ಹಣೆಯ ನೇರ ಮುಂದಿನ ಜಾಗ ಮತ್ತು ತನ್ನದೇ ಮೂತಿಯ ಕೆಳಗಿನ ಜಾಗ. ಅಂದರೆ ಬಾಯಿಗೆ ಬಂದ ತುತ್ತು ಅದಕ್ಕೆ ಕಾಣುವುದಿಲ್ಲ. ತುಟಿ ಮತ್ತು ಮೀಸೆಕೂದಲಿನಿಂದ ತಡಕಿ ತಿಳಿಯುತ್ತದೆ. ಬೆರಳ ತುದಿಯಲ್ಲಿ ಹಿಡಿದ ಕ್ಯಾರೆಟ್ ಯಾವುದು, ಬೆರಳು ಯಾವುದು ಎಂಬುದು ಅದಕ್ಕೆ ಗೊತ್ತಾಗದು. ಮಕ್ಕಳಿಗೆ ಆಗುವ ಎಷ್ಟೋ ಕಡಿತಗಳು ಸಿಟ್ಟಿನಿಂದ ಆದವಲ್ಲ, ಈ ಗೊಂದಲದಿಂದ ಆದವು.

ಆದ್ದರಿಂದ ಅಂಗೈಯನ್ನು ತಟ್ಟೆಯಂತೆ ಚಪ್ಪಟೆಯಾಗಿ ಹಿಡಿಯಬೇಕು. ಬೆರಳುಗಳು ಜೋಡಿಸಿಕೊಂಡಿರಬೇಕು, ಹೆಬ್ಬೆರಳು ಮೇಲೆ ಬಾರದೆ ಪಕ್ಕಕ್ಕೆ ಅಂಟಿಕೊಂಡಿರಬೇಕು. ಎದುರಿಗೆ ನಿಲ್ಲದೆ ತುಸು ಪಕ್ಕಕ್ಕೆ, ಕುದುರೆಗೆ ಕಾಣುವಂತೆ ನಿಂತು, ಮೆಲ್ಲಗೆ ಕೈ ಚಾಚಬೇಕು. ತುಟಿ ತಾಗಿದಾಗ ಹೆದರಿ ಕೈ ಕಿತ್ತುಕೊಂಡರೆ ಕುದುರೆ ತುತ್ತನ್ನು ಬೆನ್ನಟ್ಟಿ ಬಾಯಿ ಹಾಕುತ್ತದೆ. ಅಳುಕು ಇರುವ ಮಕ್ಕಳು ಬಕೆಟ್ಟಿಗೆ ಹಾಕಿದರೂ ಪ್ರೀತಿ ಕಡಿಮೆಯಾಗುವುದಿಲ್ಲ. ಎರಡು ಮೂರು ಕುದುರೆಗಳು ಒಟ್ಟಿಗಿದ್ದಾಗ ನಡುವೆ ನಿಂತು ಕೊಡಬಾರದು. ಅವುಗಳ ಜಗಳದಲ್ಲಿ ಒದೆ ತಿನ್ನುವುದು ಮಗು. ಮುಗಿದ ಮೇಲೆ ಕೈ ತೊಳೆಯುವುದು ಕಡ್ಡಾಯ.

ಕೊಡುವ ಹೊತ್ತೂ ಮುಖ್ಯ. ಕುದುರೆ ತಿನಿಸನ್ನು ಅದಕ್ಕೆ ತುಸು ಮುಂಚೆ ತಾನು ಮಾಡಿದ ಕೆಲಸದೊಡನೆ ಜೋಡಿಸಿಕೊಳ್ಳುತ್ತದೆ. ಶಾಂತವಾಗಿ ನಿಂತಾಗ ಕೊಟ್ಟರೆ ಶಾಂತವಾಗಿ ನಿಲ್ಲಲು ಕಲಿಯುತ್ತದೆ. ಜೇಬಿಗೆ ಮೂತಿ ತೂರಿಸಿ ತಳ್ಳಿದಾಗ ನಗುತ್ತಾ ಕೊಟ್ಟರೆ ಕಲಿಯುವುದು ತಳ್ಳುವುದನ್ನೇ. ಮುಂದೊಂದು ದಿನ ಬೇರೊಂದು ಮಗುವಿನ ಜೇಬಿಗೆ ಅದು ಹಲ್ಲು ಹಾಕಿದರೆ 'ಕಚ್ಚುವ ಕುದುರೆ' ಎಂಬ ಹೆಸರು ಬರುವುದು ಕುದುರೆಗೆ.

ಲೆಕ್ಕ ಬರುತ್ತದೆಂದ ಕುದುರೆ

ಬರ್ಲಿನ್ ನಗರದಲ್ಲಿ 1904ರ ಸುಮಾರಿಗೆ ಹಾನ್ಸ್ ಎಂಬ ಕುದುರೆ ಮನೆಮಾತಾಗಿತ್ತು. ಅದರ ಒಡೆಯ ವಿಲ್ಹೆಲ್ಮ್ ಫಾನ್ ಓಸ್ಟನ್ ಗಣಿತದ ಮೇಷ್ಟರಾಗಿದ್ದವರು. ಕೂಡುವ, ಕಳೆಯುವ ಲೆಕ್ಕ ಕೇಳಿದರೆ ಹಾನ್ಸ್ ಗೊರಸಿನಿಂದ ನೆಲ ತಟ್ಟಿ ಉತ್ತರ ಹೇಳುತ್ತಿತ್ತು. ಸರಿಯುತ್ತರಕ್ಕೆ ಬಹುಮಾನ ಕ್ಯಾರೆಟ್, ಬ್ರೆಡ್ಡಿನ ಚೂರು. ಆಸ್ಕರ್ ಫುಂಗ್ಸ್ಟ್ ಎಂಬ ಮನಶ್ಶಾಸ್ತ್ರಜ್ಞ 1907ರಲ್ಲಿ ಇದರ ಗುಟ್ಟನ್ನು ಬಿಡಿಸಿಟ್ಟರು. ಪ್ರಶ್ನೆ ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್‌ಗೂ ಗೊತ್ತಾಗುತ್ತಿರಲಿಲ್ಲ! ಸರಿಯಾದ ಸಂಖ್ಯೆ ಬಂದೊಡನೆ ಕೇಳುಗರ ತಲೆ, ಮೈ ಅವರಿಗೇ ತಿಳಿಯದಂತೆ ಕೊಂಚ ಕದಲುತ್ತಿತ್ತು. ಅದನ್ನು ಗುರುತಿಸಿ ಹಾನ್ಸ್ ತಟ್ಟುವುದನ್ನು ನಿಲ್ಲಿಸುತ್ತಿತ್ತು.

ಹಾನ್ಸ್‌ಗೆ ಗಣಿತ ಬರುತ್ತಿರಲಿಲ್ಲ. ಮನುಷ್ಯನ ಮೈಯನ್ನು ಓದುವುದು ಬರುತ್ತಿತ್ತು. ಎದುರಿಗೆ ನಿಂತವರ ಅವಸರ, ಅಂಜಿಕೆ, ನೆಮ್ಮದಿ ಕುದುರೆಗೆ ತಿಳಿಯುತ್ತವೆ. ತಾನು ಇವತ್ತು ತಿಂದದ್ದು ಎಷ್ಟನೆಯ ಕ್ಯಾರೆಟ್ ಎಂಬುದು ತಿಳಿಯದು. ಮೂವತ್ತನೆಯದಕ್ಕೂ ಅದು ಮೊದಲನೆಯದರಷ್ಟೇ ಆಸೆಯಿಂದ ಬಾಯಿ ಚಾಚುತ್ತದೆ. 'ಪಾಪ, ಹಸಿದಿದೆ' ಎನ್ನಿಸುವುದು ಆಗಲೇ. ಆ ಲೆಕ್ಕವನ್ನು ಮನುಷ್ಯನೇ ಇಡಬೇಕು.

ತಿನಿಸಿಲ್ಲದ ಉಡುಗೊರೆ

ಸಾಕಿದವರು 'ಇವತ್ತು ಬೇಡ' ಎಂದರೆ ಬರಿಗೈಯಲ್ಲಿ ಮರಳಬೇಕಾಗಿಲ್ಲ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವಲ್ಲಿ, ಜೂಲಿನ ಬುಡದ ಬಳಿ, ಒಂದು ಉಬ್ಬು ಇದೆ. ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ಕೆರೆದು ಸ್ನೇಹ ತೋರುವುದು ಹೆಚ್ಚಾಗಿ ಅಲ್ಲಿಯೇ. ಫ್ರಾನ್ಸಿನ ಕಮಾರ್ಗ್ ತಳಿಯ ಕುದುರೆಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನವೊಂದು, ಆ ಜಾಗದಲ್ಲಿ ಕೈಯಿಂದ ಕೆರೆದಾಗ ಕುದುರೆಯ ಹೃದಯಬಡಿತ ಇಳಿಯುತ್ತದೆಂದು ತೋರಿಸಿತು. ಮಗುವೊಂದು ಅಪ್ಪನ ಸಹಾಯದಿಂದ ಅಲ್ಲಿ ಎರಡು ನಿಮಿಷ ಕೆರೆದರೆ ಕುದುರೆಯ ಕಿವಿ ಸಡಿಲಾಗುತ್ತದೆ, ತುಟಿ ಅದುರುತ್ತದೆ. ಮೂವತ್ತು ಮಕ್ಕಳು ಕೆರೆದರೂ ಗೊರಸಿಗೆ ಬೇನೆ ಬಾರದು.

ಕುದುರೆ ಬಡಕಲಾಗಿ ಕಂಡು ಮನಸ್ಸು ಕರಗಿದರೆ ಅದಕ್ಕೆ ಬೇಕಾದದ್ದು ಸಿಹಿಯಲ್ಲ, ಮೇವು. ಟಾಂಗಾದವನ ಕೈಗೆ ಒಂದು ಹೊರೆ ಹುಲ್ಲಿನ ದುಡ್ಡು ಕೊಡಬಹುದು. ಒಂದು ಬಕೆಟ್ ಶುದ್ಧ ನೀರು ತಂದಿಡಬಹುದು. ಮೇವು ಬದಲಿಸುವಾಗಲೂ ವಾರ ಹತ್ತು ದಿನ ಹಿಡಿದು ಸ್ವಲ್ಪ ಸ್ವಲ್ಪವೇ ಬದಲಿಸಬೇಕಾಗುವುದರಿಂದ, ಯಾವ ಮೇವು ಎಂಬ ತೀರ್ಮಾನ ಅವನಿಗೇ ಇರಲಿ.

ಮಕ್ಕಳಿಗೆ ಪಾಲಕರು ಕಲಿಸಬೇಕಾದದ್ದು ಎರಡೇ ಮಾತು: 'ಕೊಡಲಾ?' ಮತ್ತು 'ಎಷ್ಟು?' ಮೊದಲನೆಯದನ್ನು ಬಹಳ ಮಕ್ಕಳು ಕೇಳುತ್ತಾರೆ, ಎರಡನೆಯದನ್ನು ಕೇಳುವುದಿಲ್ಲ. ಬೇಡ ಎಂಬ ಉತ್ತರ ಬಂದಾಗ ಮಗುವಿನ ಪರವಾಗಿ ವಾದಕ್ಕಿಳಿಯದೆ 'ಸರಿ' ಎನ್ನುವ ಪಾಠವನ್ನು ಅಪ್ಪ ಅಮ್ಮಂದಿರೇ ಮೊದಲು ಕಲಿಯಬೇಕು.

ಅರಮನೆಯ ಹೊರಗೆ ಆ ಹುಡುಗಿ ಕ್ಯಾರೆಟ್ಟನ್ನು ಮುರಿದು, ಅಂಗೈ ಚಪ್ಪಟೆ ಮಾಡಿ ಅರ್ಧ ತುಂಡು ಕೊಡುತ್ತಾಳೆ. ಉಳಿದರ್ಧವನ್ನು ಏನು ಮಾಡುವುದೆಂದು ತಿಳಿಯದೆ ಮುದುಕನ ಕೈಗಿಡುತ್ತಾಳೆ. ಅವನು ಅದನ್ನು ಹುಲ್ಲಿನ ಚೀಲದ ಬಾಯಲ್ಲಿ ಸಿಕ್ಕಿಸಿ ಹೇಳುತ್ತಾನೆ: "ನಾಳೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ನಿನ್ನದೇ ಕೊಡ್ತೀನಿ, ಪುಟ್ಟಿ."